ಗಡ್ಡೆ ಅಂತ ಹೇಳಿದ್ದೆವು

ಮೊದಲು ಕಂಡದ್ದು ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ. ಎದ್ದು ನೋಡಿದರೆ ಒಂದು ಕಲೆ. ಆ ತಿಂಗಳ ಮುಟ್ಟು ಮುಗಿದು ಎಷ್ಟೋ ದಿನವಾಗಿತ್ತು.

ಯೂನಿಫಾರ್ಮ್ ಹೊಲಿಯುವವರಿಗೆ ಮೇ ತಿಂಗಳೆಂದರೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಕೊಟ್ಟಾರದ ನನ್ನ ಅಂಗಡಿಯಲ್ಲಿ ಚೆಕ್ಸ್ ಬಟ್ಟೆಯ ರಾಶಿಯ ಹಿಂದೆ ನಾನೇ ಕಾಣುತ್ತಿರಲಿಲ್ಲ. ಸ್ಟೂಲಿನ ಮೇಲೆ ಒಂದು ತುಂಡು ಬಟ್ಟೆ ಹಾಸಿ ಮತ್ತೆ ಕೂತೆ. ನಲವತ್ತು ದಾಟಿದೆ, ಮುಟ್ಟು ನಿಲ್ಲುವ ಕಾಲ ಹತ್ತಿರ ಬಂತು, ಹೀಗೆಲ್ಲ ಆಗುತ್ತದೆ ಎಂದು ನನಗೆ ನಾನೇ ಡಾಕ್ಟರಾದೆ. ಶಾಲೆ ಶುರುವಾಗಲಿ, ಆಮೇಲೆ ತೋರಿಸಿದರಾಯಿತು.

ಆಮೇಲೆ ಸೊಂಟನೋವು ಬಂತು. ಅದರ ಹಿಂದೆ ವಾಸನೆ. ಅದರ ಬಗ್ಗೆ ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅಳತೆ ಕೊಡಲು ಬಂದ ಹೆಂಗಸರು ಹತ್ತಿರ ನಿಂತರೆ ನಾನು ಫ್ಯಾನ್ ಜೋರು ಮಾಡುತ್ತಿದ್ದೆ.

ಮಳೆ ಹಿಡಿದ ಮೇಲೆ ಆಸ್ಪತ್ರೆಗೆ ಹೋದೆ. ಪರೀಕ್ಷೆ, ಬಯಾಪ್ಸಿ, ಎಂಆರ್‌ಐ. ಗಂಡ ಅಬುಧಾಬಿಯಲ್ಲಿ. ಜೊತೆಗೆ ಬಂದದ್ದು ನನ್ನ ಅಣ್ಣ, ಜಗದೀಶಣ್ಣ. ಅವನಿಗೆ ಕೊಟ್ಟಾರದಲ್ಲೇ ಹಾರ್ಡ್‌ವೇರ್ ಅಂಗಡಿ ಇದೆ. ಹೆಂಗಸರ ವಿಭಾಗವೆಂದು ಅವನು ಒಳಗೆ ಬರಲಿಲ್ಲ.

"ಸರ್ವಿಕ್ಸ್ ಕ್ಯಾನ್ಸರ್, ಗರ್ಭಕೋಶದ ಬಾಯಿಯದ್ದು," ಎಂದರು ಡಾಕ್ಟರಮ್ಮ.

ಅವರೇ ಮುಂದುವರಿಸಿದರು. "ಸ್ಟೇಜ್ ಟು ಬಿ. ಆಪರೇಷನ್ ಮಾಡುವುದಿಲ್ಲ. ರೇಡಿಯೇಷನ್, ಜೊತೆಗೆ ಕೀಮೋ. ಗುಣ ಆಗುವ ಚಾನ್ಸ್ ಉಂಟು. ಆದರೆ ಇನ್ನು ಮುಂದೂಡಬೇಡಿ."

ಹೊರಗೆ ಬಂದೆ. ಅಣ್ಣ ಕೇಳಿದ, "ಎಂತ ಹೇಳಿದರು?"

"ಗರ್ಭಕೋಶದಲ್ಲಿ ಕ್ಯಾನ್ಸರ್ ಅಂತೆ."

ಅಷ್ಟೇ ಹೇಳಿದೆ. ಗರ್ಭಕೋಶದ ಯಾವ ಜಾಗ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅಣ್ಣತಂಗಿಯ ನಡುವೆ ಅಷ್ಟು ಮಾತೇ ಹೆಚ್ಚು. ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ, ನಾನು ಚಪ್ಪಲಿ ನೋಡಿಕೊಂಡೆ. ನಾವು ತುಳು ಮಾತಾಡುವವರು. ಇಲ್ಲಿ ಬರೆದಿರುವ ಅವನ ಮಾತೆಲ್ಲ ನಾನು ಕನ್ನಡಕ್ಕೆ ತಂದದ್ದು, ಆದರೆ ಆ ಸಂಕೋಚವನ್ನು ಯಾವ ಭಾಷೆಗೂ ತರಬೇಕಾಗಿಲ್ಲ.

ಕಾರಿನಲ್ಲಿ ಅವನು ಒಂದು ತೀರ್ಮಾನಕ್ಕೆ ಬಂದಿದ್ದ. "ಹೊರಗೆ ಗಡ್ಡೆ ಅಂತ ಹೇಳುವ. ಹೆಣ್ಣು ಮಗು ಉಂಟು ನಿನಗೆ. ನಾಳೆ ಸಂಬಂಧ ನೋಡುವಾಗ ತಾಯಿಗೆ ಎಂತ ಆಗಿತ್ತು ಅಂತ ಕೇಳ್ತಾರೆ."

ನಮ್ಮವರಲ್ಲಿ ತಂಗಿಯ ಮಕ್ಕಳ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವನ ಮಾತಿಗೆ ತೂಕ ಹೆಚ್ಚು. ನನ್ನ ಮಗಳು ಪ್ರಾಪ್ತಿಗೆ ಹದಿನಾಲ್ಕು. ಅವಳ ಶಾಲೆ, ಟ್ಯೂಷನ್, ಜ್ವರ, ಎಲ್ಲಕ್ಕೂ ಓಡಿದವನು ಅವನೇ. ಗಡ್ಡೆ ಅಂತ ಹೇಳುವ ಎಂದ. ಹೇಳಿದೆವು. ಅತ್ತಿಗೆಗೂ ನನ್ನ ಗಂಡನಿಗೂ ಮಾತ್ರ ಕ್ಯಾನ್ಸರ್ ಎಂದು ಗೊತ್ತಿತ್ತು.

ನಾನೂ ಪ್ರಾಪ್ತಿಯೂ ಅಣ್ಣನ ಫ್ಲ್ಯಾಟಿಗೆ ಹೋಗಿ ಇದ್ದೆವು. ಅಂಗಡಿಯನ್ನು ಜೊತೆಗೆ ಹೊಲಿಯುವ ಹೆಂಗಸು ನೋಡಿಕೊಂಡಳು. ವಾರಕ್ಕೊಮ್ಮೆ ಕೀಮೋ, ಶನಿವಾರ ಭಾನುವಾರ ಬಿಟ್ಟು ದಿನಾ ರೇಡಿಯೇಷನ್. ಹೊಟ್ಟೆಯ ಕೆಳಭಾಗದ ರೇಡಿಯೇಷನ್ನಿಗೆ ಒಂದು ಕ್ರಮ ಇದೆ. ಬಾಟಲಿಗಟ್ಟಲೆ ನೀರು ಕುಡಿದು ಮೂತ್ರಚೀಲ ತುಂಬಿಸಿಕೊಂಡು ಕಾಯಬೇಕು. ತುಂಬಿದ್ದರೆ ಕರುಳು ಮೇಲೆ ಸರಿದು ಸುಡುವುದು ತಪ್ಪುತ್ತದಂತೆ. ಮಿಷನ್ ತಡವಾದರೆ ನಾವೆಲ್ಲ ಕಾಲು ಬಿಗಿಹಿಡಿದು ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದೆವು. ನಗಬಾರದು, ಕೆಮ್ಮಬಾರದು. ಸುರತ್ಕಲ್ಲಿನಿಂದ ಬರುತ್ತಿದ್ದ ಜುಬೈದಕ್ಕ ಬೇಕೆಂದೇ ಎಂತಾದರೂ ಹೇಳಿ ನಗಿಸುವವರು. "ಸುಮ್ಮನಿರಿ ಮಾರಾಯ್ತಿ, ಈಗ ಇಲ್ಲಿಯೇ ಹೊಳೆ ಹರೀತದೆ," ಎಂದು ನಾವು ಬೈಯುತ್ತಿದ್ದೆವು. ಅವರಿಗೂ ನನ್ನದೇ ಕಾಯಿಲೆ.

ವಾಂತಿ, ಭೇದಿ, ಒಳಗೆ ಬೆಂಕಿ. ಅನ್ನದ ಗಂಜಿಯೂ ಬಾಯಿಗೆ ಲೋಹದ ಹಾಗೆ. ಅತ್ತಿಗೆ ಮುಖ ಸಿಂಡರಿಸದೆ ನನ್ನ ಬಟ್ಟೆ ಒಗೆದರು. ಆ ಮನೆಯಲ್ಲಿ ನನಗೆ ಯಾವ ಕೊರತೆಯನ್ನೂ ಮಾಡಲಿಲ್ಲ ಎಂಬುದನ್ನು ಮುಂದಿನದ್ದು ಹೇಳುವ ಮೊದಲೇ ಹೇಳಿಬಿಡುತ್ತೇನೆ.

ಆ ಹೊತ್ತಿಗೆ ಪ್ರಾಪ್ತಿಯ ಶಾಲೆಯ ಪೋಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ನೋಟಿಸ್ ಬಂತು. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ, ಪೋಷಕರ ಒಪ್ಪಿಗೆ ಇದ್ದರೆ ಮಾತ್ರ. ಯಾವುದನ್ನು ತಡೆಯಲು ಎಂದೂ ಬರೆದಿತ್ತು.

ಸರ್ವೈಕಲ್ ಕ್ಯಾನ್ಸರ್.

ಯಾರೊಬ್ಬರ ಬಾಯಲ್ಲೂ ಬರಬಾರದೆಂದು ಇಷ್ಟು ದಿನ ಬಚ್ಚಿಟ್ಟ ಹೆಸರು ನನ್ನ ಮಗಳ ಶಾಲೆಯ ಗ್ರೂಪಿನಲ್ಲಿ ಬಂದು ಕೂತಿತ್ತು.

ಒಪ್ಪಿಗೆ ಇದ್ದರೆ ಎಂಬ ಮಾತನ್ನು ಯಾರೂ ಓದಲಿಲ್ಲ. ಸಂಜೆಯೊಳಗೆ ಅದು ಕಡ್ಡಾಯವಾಗಿಬಿಟ್ಟಿತ್ತು. ಇಂಜೆಕ್ಷನ್ ತೆಗೆದುಕೊಳ್ಳದಿದ್ದರೆ ಹಾಲ್ ಟಿಕೆಟ್ ಇಲ್ಲ ಎಂದು ಒಬ್ಬರು, ಮಕ್ಕಳಾಗುವುದಿಲ್ಲ ಎಂದು ಇನ್ನೊಬ್ಬರು. ಪೋಷಕರ ಸಭೆ ಕರೆದರು. ಅಣ್ಣನ ಮಗಳು ಅನನ್ಯಾ ಕೂಡ ಅದೇ ಶಾಲೆ, ಏಳನೇ ಕ್ಲಾಸು. ಅಣ್ಣನೆಂದರೆ ಅಲ್ಲಿ ಎಲ್ಲರಿಗೂ ಒಂದು ಗೌರವ. ಅವನು ಮಾತಾಡಿದ್ದನ್ನು ಯಾರೋ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದರು.

ಅದನ್ನು ನಾನು ಕೇಳಿದ್ದು ರೇಡಿಯೇಷನ್ ಬೆಂಚಿನ ಮೇಲೆ, ಹೊಟ್ಟೆ ತುಂಬ ನೀರು ಹೊತ್ತುಕೊಂಡು.

"ಇವತ್ತು ಒಪ್ಪಿಗೆ ಕೇಳ್ತಾರೆ, ನಾಳೆ ಕಡ್ಡಾಯ ಅಂತಾರೆ. ಕೊರೊನಾದಲ್ಲಿ ಎಂತ ಮಾಡಿದರು ನೋಡ್ಲಿಲ್ವಾ? ನನ್ನ ಮಗಳ ಮೈ ಬಗ್ಗೆ ತೀರ್ಮಾನ ಮಾಡ್ಲಿಕ್ಕೆ ಇವರು ಯಾರು?" ಚಪ್ಪಾಳೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಅವನು ಮುಂದುವರಿಸಿದ. "ಮತ್ತೆ ಇದು ಎಂಥ ಕಾಯಿಲೆಗೆ ಅಂತ ಗೊತ್ತುಂಟಾ? ದಾರಿ ತಪ್ಪಿದವರಿಗೆ ಬರುವಂಥದ್ದು. ಮರ್ಯಾದೆಯ ಮನೆಯ ಮಕ್ಕಳಿಗೆ ಇದು ಯಾಕೆ?" ಇನ್ನೂ ಜೋರು ಚಪ್ಪಾಳೆ.

ಜುಬೈದಕ್ಕನಿಗೂ ಕೇಳಿಸಿತ್ತು. "ಯಾರು ಅದು?" ಎಂದರು.

"ನನ್ನ ಅಣ್ಣ."

ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು, "ನಾವು ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋಗುವಾಗ ಇಂಜೆಕ್ಷನ್ ಇಲ್ಲದೆ ಬಿಡುವುದಿಲ್ಲ ಅಂದರು. ಒಬ್ಬರೂ ಜಗಳ ಮಾಡ್ಲಿಲ್ಲ, ಬಾಯಿ ಮುಚ್ಚಿ ತೋಳು ಕೊಟ್ಟೆವು. ಹೆಣ್ಣುಮಕ್ಕಳದ್ದು ಬಂದರೆ ಎಲ್ಲರಿಗೂ ಬಾಯಿ ಬರ್ತದೆ."

ನನ್ನ ಗಂಡನೂ ವೀಸಾಕ್ಕಾಗಿ ಕೇಳಿದ ಕಡೆಯೆಲ್ಲ ಚುಚ್ಚಿಸಿಕೊಂಡವರೇ. ಆದರೆ ಫೋನಿನಲ್ಲಿ ಹೇಳಿದ್ದು, "ಭಾವನ ಹತ್ತಿರ ಕೇಳು. ನಾನು ಇಲ್ಲಿ ಕೂತು ಎಂತ ಹೇಳುವುದು?" ಅವರ ಮೇಲೆ ಸಿಟ್ಟು ಬಂತು. ಬರೀ ಈ ಮಾತಿಗಲ್ಲ. ಗಂಡುಹೆಣ್ಣಿನ ಸಂಬಂಧದಿಂದ ಅಂಟುವ ಈ ಎಚ್‌ಪಿವಿ ವೈರಸ್ ನನಗೆ ಎಲ್ಲಿಂದ ಬಂತೆಂದು ನಾನೂ ರಾತ್ರಿಯೆಲ್ಲ ಯೋಚಿಸಿದವಳೇ.

ಡಾಕ್ಟರಮ್ಮನನ್ನು ಕೇಳಿದೆ. ಅವರು ಪೆನ್ ಕೆಳಗಿಟ್ಟು ಹೇಳಿದರು, "ಇದು ತುಂಬಾ ಸಾಮಾನ್ಯ ವೈರಸ್. ಒಬ್ಬರೇ ಸಂಗಾತಿ ಇದ್ದವರಿಗೂ ಬರ್ತದೆ. ವರ್ಷಗಟ್ಟಲೆ ಸುಮ್ಮನೆ ಇರ್ತದೆ. ಯಾರಿಂದ, ಯಾವಾಗ ಅಂತ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ. ಅದನ್ನು ಹುಡುಕ್ತಾ ಕೂರಬೇಡಿ. ಮಗಳಿಗೆ ಲಸಿಕೆ ಕೊಡಿಸಿ, ಈ ವಯಸ್ಸಿನಲ್ಲೇ ಕೊಡಿಸಬೇಕು. ದೊಡ್ಡವಳಾದ ಮೇಲೆ ಸ್ಕ್ರೀನಿಂಗ್ ಕೂಡ ಮಾಡಿಸ್ಲಿಕ್ಕೆ ಹೇಳಿ."

ಒಪ್ಪಿಗೆಗೆ ನನ್ನ ಸಹಿ ಸಾಕಿತ್ತು. ಆದರೆ ಅಣ್ಣನ ಮನೆಯ ಅನ್ನ ತಿಂದು, ಅವನ ಕಾರಿನಲ್ಲಿ ಓಡಾಡಿ, ಅವನಿಗೆ ಗೊತ್ತಿಲ್ಲದೆ ಅವನು ಬೆಳೆಸಿದ ಸೋದರಸೊಸೆಗೆ ಚುಚ್ಚಿಸುವುದು ನನ್ನಿಂದ ಆಗಲಿಲ್ಲ. ಹೇಳಲೇಬೇಕು. ಹೇಳುವುದಾದರೆ ಕಾಯಿಲೆಯ ಜಾಗದ ಹೆಸರಿನೊಂದಿಗೆ ಹೇಳಬೇಕು.

ಕೊಡಿಯಾಲ್‌ಬೈಲಿನ ಟ್ರಾಫಿಕ್ಕಿನಲ್ಲಿ ಕಾರು ನಿಂತಿತ್ತು. ಅವನು ಮುಂದಿನ ಬಸ್ಸಿಗೆ ಬೈಯುತ್ತಿದ್ದ.

"ಅಣ್ಣ, ನೀನು ಸಭೆಯಲ್ಲಿ ಹೇಳಿದ ಕಾಯಿಲೆ ಉಂಟಲ್ಲ, ನನಗೆ ಆದದ್ದು ಅದೇ."

ಅವನು ತಿರುಗಿ ನೋಡಿದ. ಹಿಂದಿನವರು ಹಾರ್ನ್ ಹೊಡೆದರೂ ಕಾರು ಬಿಡಲಿಲ್ಲ.

"ಯಾರಿಂದ?"

ಈ ಇಡೀ ಕಾಯಿಲೆಯಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಅಲ್ಲಿ. ಸೂಜಿ, ಸುಡುವಿಕೆ, ಎಲ್ಲ ಆಮೇಲೆ.

"ಡಾಕ್ಟರಿಗೇ ಗೊತ್ತಿಲ್ಲ. ಮದುವೆಯಾದ ಯಾವ ಹೆಂಗಸಿಗೂ ಬರಬಹುದಂತೆ. ಮರ್ಯಾದೆಯ ಮನೆ ಅಂದಿಯಲ್ಲ ಅಣ್ಣ, ನಾನೂ ಆ ಮನೆಯಲ್ಲೇ ಹುಟ್ಟಿದವಳು."

ಮನೆ ತಲುಪಿದೆವು. ಲಿಫ್ಟಿನ ಮುಂದೆ ನಿಂತು, ಬಟನ್ ಒತ್ತದೆ, ಹೇಳಿದ. "ಅಪ್ಪನನ್ನು ಕೊರೊನಾ ಇಂಜೆಕ್ಷನಿಗೆ ಕರ್ಕೊಂಡು ಹೋದವ ನಾನು. ಅವರಿಗೆ ಮನಸ್ಸಿರಲಿಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಎಲ್ಲಿಗೂ ಬಿಡುವುದಿಲ್ಲ ಅಂತ ಎಳ್ಕೊಂಡು ಹೋದೆ. ಮರು ತಿಂಗಳು ಹೋದರು." ಅಪ್ಪ ತೀರಿಕೊಂಡದ್ದು ಹಾರ್ಟ್ ಅಟ್ಯಾಕಿನಿಂದ. ಹಳೆಯ ಬ್ಲಾಕ್, ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಆಗಲೇ ಹೇಳಿದ್ದರು. ಎಲ್ಲರೂ ಒಪ್ಪಿದ್ದೆವು, ಅಣ್ಣನೂ ತಲೆಯಾಡಿಸಿದ್ದ. ಇಷ್ಟು ವರ್ಷ ಅವನೊಳಗೆ ಅದು ಹೀಗೆ ಕೂತಿದೆ ಎಂದು ನನಗೆ ತಿಳಿದದ್ದು ಆಗ. ಸಿಟ್ಟು ಇಳಿಯಲಿಲ್ಲ, ಆದರೆ ಜೊತೆಗೆ ಮರುಕವೂ ಬಂತು. ಎರಡನ್ನೂ ಹೊತ್ತುಕೊಂಡು ಮೇಲೆ ಹೋದೆ.

ಅದೇ ವಾರ ಅವನು ಪ್ರಾಪ್ತಿ ಮತ್ತು ಅನನ್ಯಾ ಇಬ್ಬರಿಗೂ ಲಸಿಕೆ ಹಾಕಿಸಿದ. ಶಾಲೆಯಲ್ಲಿ ಅಲ್ಲ. ಕೊಟ್ಟಾರದಲ್ಲೂ ಅಲ್ಲ. ಪರಿಚಯದವರು ಸಿಗದಿರಲೆಂದು ಸುರತ್ಕಲ್ಲಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಬರುವಾಗ ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ, ಯಾರಿಗೂ ಹೇಳಬಾರದೆಂದು ತಾಕೀತು ಮಾಡಿದನಂತೆ.

ಅಲ್ಲಿಗೆ ನನ್ನ ಮನಸ್ಸು ತಣ್ಣಗಾಗಬೇಕಿತ್ತು. ಆಗಲಿಲ್ಲ. ಶಾಲೆಯ ಕ್ಯಾಂಪಿಗೆ ಒಪ್ಪಿಗೆ ಕೊಟ್ಟವರು ಬೆರಳೆಣಿಕೆಯಷ್ಟು ಎಂದು ಪ್ರಾಪ್ತಿ ಹೇಳಿದಳು. "ನಿನ್ನ ಮಾವನೇ ಬೇಡ ಅಂದರಲ್ಲ ಅಂತ ಹೇಳ್ತಾರೆ ಅಮ್ಮ." ಅವಳ ಕ್ಲಾಸಿನ ಹುಡುಗಿಯರಿಗೆಲ್ಲ ನಾನೇ ಅಳತೆ ತೆಗೆದವಳು. ಪ್ರತಿ ವರ್ಷ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟವಳು. ನಮ್ಮ ಮನೆಯ ಇಬ್ಬರು ಮಾತ್ರ ಕದ್ದುಮುಚ್ಚಿ ಪಾರಾದರು.

"ಅಣ್ಣ, ನೀನೇ ಒಂದು ಮಾತು ಹೇಳು ಗ್ರೂಪಿನಲ್ಲಿ."

"ಎದ್ದು ನಿಂತು ಅಷ್ಟು ಮಾತಾಡಿದವ, ಈಗ ಎಂತ ಅಂತ ಹೇಳುವುದು? ಕಾರಣ ಕೇಳಿದರೆ ನಿನ್ನ ಹೆಸರು ಬರ್ತದೆ."

"ಬರಲಿ."

"ನಿನಗೆ ಬರಲಿ ಅಂತ ಆಗ್ತದೆ. ಪ್ರಾಪ್ತಿಗೆ?"

ಅದು ಸರಿಯಾದ ಪ್ರಶ್ನೆ. ಹಾಗಾಗಿ ಪ್ರಾಪ್ತಿಗೆ ನನ್ನ ಕಾಯಿಲೆಯ ನಿಜವಾದ ಹೆಸರು ಹೇಳಿ, ಗ್ರೂಪಿನಲ್ಲಿ ಹೇಳಲಾ ಎಂದು ಅವಳನ್ನೇ ಕೇಳಿದೆ.

"ಎಲ್ಲರೂ ನನ್ನನ್ನು ನೋಡ್ತಾರೆ," ಎಂದಳು.

"ನೋಡ್ತಾರೆ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅತ್ತಳು. ಊಟ ಬಿಟ್ಟಳು. ಮರುದಿನ ಶೂ ಹಾಕಿಕೊಳ್ಳುತ್ತ, ತಲೆ ಎತ್ತದೆ ಹೇಳಿದಳು, "ಹೇಳು. ಆದರೆ ಶನಿವಾರ ಮಧ್ಯಾಹ್ನ ಹೇಳು. ಮರುದಿನ ಶಾಲೆ ಇರುವುದಿಲ್ಲ."

ಶನಿವಾರ ಮಧ್ಯಾಹ್ನ ಫೋನಿಗೆ ಬಾಯಿ ಹತ್ತಿರ ಇಟ್ಟು ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ನಾನು ಪ್ರಾಪ್ತಿಯ ಅಮ್ಮ, ಟೈಲರ್ ಸುಜಾತ. ನನಗೆ ಆಗಿರುವುದು ಗಡ್ಡೆ ಅಲ್ಲ, ಸರ್ವೈಕಲ್ ಕ್ಯಾನ್ಸರ್. ನನ್ನ ಮಗಳಿಗೆ ಲಸಿಕೆ ಕೊಡಿಸಿದ್ದೇನೆ. ಕೊಡಿಸಲೇಬೇಕೆಂದು ಯಾರನ್ನೂ ಒತ್ತಾಯ ಮಾಡುವವಳು ನಾನಲ್ಲ. ಒಬ್ಬ ಡಾಕ್ಟರನ್ನು ಕೇಳಿ, ಆಮೇಲೆ ಬೇಡ ಎನ್ನಿ. ನನ್ನ ಕಾಲಕ್ಕೆ ಈ ಲಸಿಕೆ ಇರಲಿಲ್ಲ. ಇಷ್ಟೇ. ನಡುವೆ ಒಮ್ಮೆ ಮಾತು ತಪ್ಪಿತು, ಅಳಿಸಿ ಮತ್ತೆ ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಯಾರೋ ಕೈಮುಗಿದ ಚಿತ್ರ ಹಾಕಿದರು. ಸೋಮವಾರ ಒಬ್ಬರು ಅಂಗಡಿಗೆ ಬಂದು ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸು ತೆಗೆದುಕೊಂಡು ಹೋದರಂತೆ, ಪಾಪ ಅವರಿಗೆ ರೆಸ್ಟ್ ಬೇಕಲ್ಲ ಎಂದು ಹೇಳಿ. ಪ್ರಾಪ್ತಿ ಶಾಲೆಯಿಂದ ಬಂದು ನೇರ ಕೋಣೆಗೆ ಹೋದಳು. ಎಂತ ಆಯಿತೆಂದು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಅಣ್ಣ ನನ್ನೊಡನೆ ಮಾತು ಬಿಟ್ಟ. ಆದರೆ ಮರುದಿನ ಬೆಳಿಗ್ಗೆಯೂ ಕಾರು ಗೇಟಿನ ಮುಂದೆ ನಿಂತಿತ್ತು.

ಕೊನೆಯ ಹಂತದ ಬ್ರಾಕಿಥೆರಪಿ ಮುಗಿಸಿ ಬಂದು ಮಲಗಿದ್ದೆ. ಒಳಗೇ ಉಪಕರಣ ಇಟ್ಟು ಕೊಡುವ ರೇಡಿಯೇಷನ್ ಅದು. ಅದರ ಬಗ್ಗೆ ಇಷ್ಟು ಸಾಕು. ಅತ್ತಿಗೆ ಗಂಜಿ ತಂದರು. ಬಟ್ಟಲು ಕೊಟ್ಟು ಹೋಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ನನ್ನ ಕಾಲ ಬಳಿ ಕೂತರು.

"ಸುಜಾತ, ನಿನಗೆ ಶುರುವಿನಲ್ಲಿ ಹೇಗೆ ಆಗ್ತಿತ್ತು?"

ಹೇಳಿದೆ. ಕಲೆ, ಸೊಂಟನೋವು, ವಾಸನೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡರು.

"ನನಗೂ ಹಾಗೇ ಆಗ್ತಾ ಉಂಟು," ಎಂದರು. "ಮಳೆ ಶುರುವಾದಾಗಿನಿಂದ."

ಬಟ್ಟಲನ್ನು ಕೆಳಗಿಟ್ಟೆ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ಹೇಗೆ ಹೇಳುವುದು? ನಿನ್ನ ಅಣ್ಣ ಸಭೆಯಲ್ಲಿ ಹಾಗೆ ಹೇಳಿ ಬಂದ ಮೇಲೆ."

ನನ್ನ ರಕ್ತದ ಬಟ್ಟೆ ಒಗೆಯುತ್ತಿದ್ದ ಹೆಂಗಸು ತನ್ನದನ್ನೂ ಅದರ ಜೊತೆ ಸೇರಿಸಿ ಒಗೆಯುತ್ತಿದ್ದರು. ಒಂದೇ ಬಚ್ಚಲಿನಲ್ಲಿ.

ಅಣ್ಣನನ್ನು ನಾನೇ ಕರೆದೆ. ಒಳಗೆ ಬಂದು ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. ಅತ್ತಿಗೆಯ ವಿಷಯ ಹೇಳಿದೆ. ಈ ಸಲ ಯಾರಿಂದ ಎಂದು ಕೇಳಲಿಲ್ಲ. ಕಾರಿನ ಕೀ ಹುಡುಕಲು ಹೋದ. ಅದು ಅವನ ಕೈಯಲ್ಲೇ ಇತ್ತು.

ನನ್ನ ಚಿಕಿತ್ಸೆ ಮುಗಿದಿದೆ. ಸದ್ಯಕ್ಕೆ ಎಲ್ಲ ಸರಿಯಿದೆ ಎಂದಿದ್ದಾರೆ, ಮುಂದಿನ ಸ್ಕ್ಯಾನ್‌ವರೆಗೆ. ಆ ಸದ್ಯಕ್ಕೆ ಎಂಬ ಮಾತಿಗೂ ನಾನು ಋಣಿ. ಅತ್ತಿಗೆಯ ಬಯಾಪ್ಸಿ ರಿಪೋರ್ಟ್ ಇನ್ನೂ ಬಂದಿಲ್ಲ. ಅವರು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾರೆ, ಅಣ್ಣ ಅಂಗಡಿಗೆ ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಾನೆ. ಫೋನ್ ಬಂದಾಗಲೆಲ್ಲ ಇಬ್ಬರೂ ತಲೆ ಎತ್ತುತ್ತಾರೆ.