ಫುಗಡಿಗೆ ಕಟ್ಟಿದ ಸೀರೆ

ಮನೆಮನೆಗೆ ಕೇಬಲ್ ಟಿವಿ ಬರುತ್ತಿದ್ದ ಕಾಲವದು. ವಿಶ್ರಾಮಬಾಗದಲ್ಲಿ ಆಗಿನ್ನೂ ಕಬ್ಬು ತೆಗೆದು ಪ್ಲಾಟು ಹಾಕುತ್ತಿದ್ದರು. ತಂಗಿ ಶೈಲಾಳಿಗೆ ಮಿರಜಿನ ದವಾಖಾನೆ ಹತ್ತಿರವಾಗಲೆಂದು ಅಪ್ಪ ನಮ್ಮನ್ನು ನಮ್ಮೂರು ಆರಗದಿಂದ ಅಲ್ಲಿಗೆ ಕರೆತಂದಿದ್ದ.

ಶೈಲಾಳ ಚರ್ಮ ಹುಟ್ಟಿನಿಂದಲೇ ಹಾಗೆ. ತುಸು ಉಜ್ಜಿದರೂ ಗುಳ್ಳೆ ಏಳುತ್ತಿತ್ತು, ಗಟ್ಟಿಯಾಗಿ ಹಿಡಿದರೆ ಸುಲಿದೇ ಬರುತ್ತಿತ್ತು. ರಕ್ತದಲ್ಲಿ ಬಂದದ್ದು, ಅಂಟುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಓಣಿಯ ಹುಡುಗಿಯರು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಒಳಗೆ ಒತ್ತದಿರಲೆಂದು ಅವ್ವ ಅವಳ ಫ್ರಾಕಿನ ಹೊಲಿಗೆಯನ್ನು ಹೊರಗೆ ಹಾಕುತ್ತಿದ್ದಳು. ನನಗೆ ದಿನಾ ಒಂದೇ ಪಾಠ: "ಬೀಳೂ ಹಂಗಾದ್ರೂ ಅಕಿ ಕೈ ಹಿಡೀಬ್ಯಾಡ."

ಪಂಚಮಿಗೆ ಆರಗಕ್ಕೆ ಹೋದೆವು. ಅಜ್ಜಿಯ ಮನೆ ತುಂಬ ಹುರಿದ ಎಳ್ಳು, ಬೆಲ್ಲದ ವಾಸನೆ. ಅಂಗಳದಲ್ಲಿ ಹುಡುಗಿಯರು ಕೈಗೆ ಕೈ ಹೆಣೆದು, ಹಿಂದಕ್ಕೆ ವಾಲಿ, ಗರಗರ ಫುಗಡಿ ತಿರುಗುತ್ತಿದ್ದರು. ಶೈಲಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಅಕ್ಕಾ, ನನ್ನೂ ಒಂದ ಸಲ ಆಡಸ."

"ಹುಚ್ಚಿ, ಕೈ ಹಿಡೀಲಾರದ ಫುಗಡಿ ಆಗತೈತೇನ?"

ಅಜ್ಜಿ ಕೇಳಿಸಿಕೊಂಡಳು. ಉಟ್ಟುಟ್ಟು ಬೆಣ್ಣೆಯಾಗಿದ್ದ ತನ್ನ ಹಳೆಯ ಸೀರೆ ತಂದು ಮಡಚಿ, ನಮ್ಮಿಬ್ಬರ ಬೆನ್ನ ಹಿಂದೆ ಬಳಸಿ ಗಂಟು ಹಾಕಿದಳು. "ಕೈ ಯಾಕ ಬೇಕ? ಇದ ನಿಮ್ಮನ್ನ ಹಿಡೀತೈತಿ. ಸಾವಕಾಶ ತಿರಗ್ರಿ."

ತಿರುಗಿದೆವು. ಶೈಲಾ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. "ಇನ್ನೂ ಜೋರ, ಅಕ್ಕಾ!" ನಾನು ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತಾಯಿತು. ಗಂಟು ಬಿಚ್ಚಿತು. ಅವಳು ಕಟ್ಟೆಯ ಕಲ್ಲಿನತ್ತ ವಾಲಿದಳು. ಪಾಠವೆಲ್ಲ ಮರೆತು ಅವಳ ಮಣಿಕಟ್ಟು ಹಿಡಿದುಬಿಟ್ಟೆ. ಅವಳು ಬೀಳಲಿಲ್ಲ. ಚರ್ಮ ಮಾತ್ರ ನನ್ನ ಅಂಗೈಗೆ ಬಂತು.

ಅವ್ವ ನನ್ನ ಬೆನ್ನಿಗೊಂದು ಗುದ್ದಿ, ಅಳುತ್ತಲೇ ಅವಳಿಗೆ ಮುಲಾಮು ಹಚ್ಚಿ ಪಟ್ಟಿ ಸುತ್ತಿದಳು. ನಾನು ಹಿತ್ತಲಲ್ಲಿ ಅಡಗಿ ಕೂತೆ. ಸಂಜೆ ಶೈಲಾ ಎಳ್ಳಿನ ಉಂಡಿ ಹಿಡಿದು ಹುಡುಕಿಕೊಂಡು ಬಂದಳು.

"ಅಳಬ್ಯಾಡ. ನೀ ಹಿಡದಿ ಅಂತ ನಾ ಬೀಳಲಿಲ್ಲ. ಮುಂದಿನ ಪಂಚಮಿಗೂ ಆಡೋಣು."

ಮುಂದಿನ ಪಂಚಮಿಗೆ ಅವ್ವ ಬಿಡಲಿಲ್ಲ. ನಾನೂ ಹಟ ಮಾಡಲಿಲ್ಲ, ಹೆದರಿದ್ದೆ.

ಹದಿನೇಳನೆಯ ವಯಸ್ಸಿಗೆ ಶೈಲಾ ಹೋದಳು. ಕೊನೆಯ ಸಂಜೆ ದವಾಖಾನೆಯ ಮಂಚದ ಮೇಲೆ ತನ್ನ ಕೈಯನ್ನು ನನ್ನ ಕಡೆ ಸರಿಸಿ, ಅಂಗೈ ಮೇಲೆ ಮಾಡಿ ಇಟ್ಟಳು. ನಾನು ಅದರ ಪಕ್ಕದಲ್ಲಿ ನನ್ನ ಕೈ ಇಟ್ಟುಕೊಂಡು ಕೂತೆ, ಹಿಡಿಯಲಿಲ್ಲ.

ಕಬ್ಬಿದ್ದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನನ್ನ ಮಗಳಿಗೆ ಫುಗಡಿ ಗೊತ್ತಿಲ್ಲ. ಅಜ್ಜಿಯ ಸೀರೆ ಕಪಾಟಿನಲ್ಲಿದೆ. ಅವ್ವನ ಮಾತು ಮೀರಿ ಒಮ್ಮೆ ಕೈ ಹಿಡಿದದ್ದಕ್ಕೆ ನನಗೆ ಇವತ್ತು ದುಃಖವಿಲ್ಲ. ಆ ಸಂಜೆ ಮೀರದೇ ಕೂತೆನಲ್ಲ, ಅದು ಸಂಕಟ.