ಹನ್ನೊಂದನೆಯ ಗಿಡುಗ

ಕಾಣದ್ದನ್ನು ಕಂಡೆ ಅನ್ನುವವರನ್ನು ಗೇಲಿ ಮಾಡಿಕೊಂಡೇ ಬಂದವನು ನಾನು. ಪ್ರವಾಸಿಗರಿಗೆ ಹಕ್ಕಿ ತೋರಿಸುವುದು ನನ್ನ ಕಸುಬು. ಬೈನಾಕ್ಯುಲರ್‌ನಲ್ಲಿ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಇದನ್ನು ಬರೆಯಲು ನಾಚಿಕೆ. ನಿಜವಾದ ನಾಚಿಕೆ ಬೇರೆಯೇ ಇದೆ ಬಿಡಿ.

ಸರಗೂರಿನ ಹತ್ತಿರ ಪುಟ್ಟಮ್ಮಜ್ಜಿಯದೊಂದು ಬೀಳು ಹೊಲವಿದೆ. ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಬರುವ ಹ್ಯಾರಿಯರ್ ಗಿಡುಗಗಳು ಸಂಜೆ ಆ ಹುಲ್ಲಿನೊಳಗೆ, ನೆಲದ ಮೇಲೆಯೇ ಮಲಗುತ್ತವೆ. ಅವು ಹೊರಡುವ ತನಕ, ದನಕ್ಕೆ ಮೇವು ಸಾಲದಿದ್ದರೂ, ಅಜ್ಜಿ ಅಲ್ಲಿ ಕುಡುಗೋಲು ಹಾಕಿಸುವುದಿಲ್ಲ. "ಜನ್ರನ್ನ ಕರ್ಕಂಡ್ ಬಾ ಮಗ. ಆದ್ರೆ ಬದು ದಾಟ್‌ಬ್ಯಾಡ, ಮಲಗಿರೋವ್ನ ಎಬ್ಬಿಸ್‌ಬ್ಯಾಡ ಕಣಪ್ಪ" ಎಂದಿದ್ದರು. ಆಯಿತು ಎಂದು ಮಾತು ಕೊಟ್ಟಿದ್ದೆ.

ಎರಡು ವರ್ಷದ ಹಿಂದೆ ಒಂದು ಸಂಜೆ ಮೈಸೂರಿನ ದಂಪತಿ ಬಂದರು. ದಾರಿಯಲ್ಲಿ ಟಯರ್ ಪಂಕ್ಚರ್ ಆಗಿ ತಡವಾಗಿತ್ತು, ಹಕ್ಕಿಗಳೆಲ್ಲ ಇಳಿದು ಮಲಗಿದ್ದವು. "ಏನೂ ಇಲ್ವಲ್ರೀ?" ಎಂದರು ಆತ. ನನಗೆ ಅವಮಾನವಾಯಿತು. ಒಂದು ಕಲ್ಲೆತ್ತಿ ಹುಲ್ಲಿನೊಳಗೆ ಬೀಸಿದೆ. ದಡಬಡನೆ ಎದ್ದವು, ಹನ್ನೊಂದು. ಕ್ಯಾಮೆರಾ ಪಟಪಟ ಎಂದಿತು. ಅವರು ಖುಷಿಯಿಂದ ಮೈಸೂರಿಗೆ ಹೊರಟರು, ನಾನು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ಅಜ್ಜಿ ಕೊಟ್ಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡು ವಾರದಿಂದ ಮಂಚದ ಮೇಲಿದ್ದರು. ಹೊಲ ಅಲ್ಲಿಂದ ಎರಡು ಮೈಲಿ. ಮರುದಿನ ಬೆಳಿಗ್ಗೆ ಮಾತಾಡಿಸಲು ಹೋದೆ. ನಾನು ಬಾಯಿ ಬಿಡುವ ಮೊದಲೇ, "ಅನ್ನೊಂದು ಎದ್ವು, ಅತ್ತೇ ಇಳುದ್ವು ಕಣ್ ಮಗ. ಒಂದು ತಂತಿ ಬೇಲಿ ತಾವ ಬಿದ್ದದೆ, ನೋಡ್ಕಂಡ್ ಬಾ" ಎಂದರು. ಹನ್ನೊಂದರಲ್ಲಿ ಹತ್ತೇ ಇಳಿದವು ಎಂದು ಮಂಚದ ಮೇಲಿದ್ದವರು ಹೇಳುತ್ತಿದ್ದರು.

ಹೋದೆ. ಬೇಲಿಯ ಬುಡದಲ್ಲಿ ಒಂದು ಗಿಡುಗ ಸತ್ತು ಬಿದ್ದಿತ್ತು. ರೆಕ್ಕೆ ತಂತಿಗೆ ಸಿಕ್ಕಿ ಹರಿದಿತ್ತು. ಎಷ್ಟು ದೇಶ ದಾಟಿ ಬಂದ ಹಕ್ಕಿ! ಕೈಯಲ್ಲೇ ಗುಣಿ ತೋಡಿ ಮುಚ್ಚಿದೆ. ವಾಪಸ್ ಬಂದು, "ಏನೂ ಇಲ್ಲ ಅಜ್ಜಿ, ಎಲ್ಲಾ ಚೆನ್ನಾಗವೆ" ಎಂದುಬಿಟ್ಟೆ. ಅಜ್ಜಿ ನನ್ನ ಕೈ ನೋಡಿದರು. ಉಗುರಿನ ತುಂಬ ಕೆಮ್ಮಣ್ಣು. "ಅಂಗಾರೆ ಸರಿ ಬುಡು" ಎಂದು ಗೋಡೆ ಕಡೆ ತಿರುಗಿದರು.

ಯಾರೋ ನೋಡಿ ಹೇಳಿರಬೇಕು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಆ ಮಬ್ಬಿನಲ್ಲಿ ಇಳಿದದ್ದನ್ನು ಎಣಿಸಿದವರು ಯಾರು? ಎದ್ದದ್ದನ್ನು ಎಣಿಸಿದ ನಾನೇ ಇಳಿಯುವುದನ್ನು ನೋಡಲು ನಿಂತಿರಲಿಲ್ಲ. ಇವತ್ತಿಗೂ ನನಗೆ ತಿಳಿದಿಲ್ಲ.

ಈ ವರ್ಷವೂ ಅಜ್ಜಿ ಹುಲ್ಲು ಕೊಯ್ಯಿಸದೆ ಬಿಟ್ಟಿದ್ದಾರೆ. ಕೋಲೂರಿಕೊಂಡು ಬಾಗಿಲಿಗೆ ಬಂದು, ನಾನು ಹಾದು ಹೋಗುವಾಗಲೆಲ್ಲ ಕೇಳುತ್ತಾರೆ: "ಎಲ್ಲಾ ಬಂದ್ವಾ ಮಗ?"

"ಬಂದ್ವು ಅಜ್ಜಿ" ಅನ್ನುತ್ತೇನೆ. ಕೈ ಜೇಬಿನಲ್ಲಿರುತ್ತದೆ.