ಲ್ಯಾಬಿನ ಅಕ್ಕಾರು ಮಾಡಿಕೊಟ್ಟ ಖಾಲಿ ಶೆಲ್

ಗದಗಿನ ಪಾಲಿಟೆಕ್ನಿಕ್ಕೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ನಮ್ಮ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವರು, ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಹುದ್ದೆಯಲ್ಲಿ ಕಿರಿಯರು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದೆವು.

ಆ ವರ್ಷ ಅಂಗೈಯಗಲದ ಒಂದು ಬೋರ್ಡಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಮೂಲ ಕೋಡಿನಿಂದಲೇ ಕಟ್ಟಿ ತೋರಿಸುತ್ತೇನೆಂದು ವಿದ್ಯಾರ್ಥಿಗಳಿಗೆ ಮಾತು ಕೊಟ್ಟಿದ್ದೆ. ಬೋರ್ಡಿನ ಪ್ರೊಸೆಸರ್ ಬೇರೆ ಬಗೆಯದು; ಅದಕ್ಕೆ ಬೇಕಾದ ಪ್ರೋಗ್ರಾಮುಗಳನ್ನೂ ಅವು ಬಳಸುವ ಸಿದ್ಧ ಕೋಡಿನ ಲೈಬ್ರರಿಗಳನ್ನೂ ಲ್ಯಾಬಿನ ದೊಡ್ಡ ಕಂಪ್ಯೂಟರಿನಲ್ಲಿ ತಯಾರಿಸಬೇಕು. ಮೂರು ದಿನ ಪ್ರಯತ್ನಿಸಿದೆ. ಮೂರೂ ದಿನ ಕೆಲಸ ಒಂದೇ ಜಾಗದಲ್ಲಿ ಮುರಿದು ನಿಂತಿತು.

ನಾಲ್ಕನೆಯ ದಿನ ಅಕ್ಕಾರು ನನ್ನ ಹಿಂದೆ ನಿಂತು ಪರದೆ ಓದಿದರು.

"ಸರ, ಇದು ಬೋರ್ಡಿನ ಲೈಬ್ರರಿ ಬಿಟ್ಟು ನಮ್ಮ ಕಂಪ್ಯೂಟರಿನ ಲೈಬ್ರರಿ ಹಿಡಕೊಳ್ಳಾಕತ್ತೈತಿ. ಹಳೇ ಸೆಟ್ಟಿಂಗ್ ಏನೂ ಇಲ್ಲದ ಒಂದ್ ಹೊಸಾ ಯೂಸರ್ ಮಾಡೋಣೇನ್ರಿ?"

"ಮಾಡ್ರಿ ಅಕ್ಕಾರ," ಎಂದು ಕುರ್ಚಿ ಬಿಟ್ಟೆದ್ದೆ.

ಮೊದಲು ಹೊಸ ಖಾತೆ ತೆರೆದರು. ನಾವು ಟೈಪ್ ಮಾಡಿದ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಹಳೆಯದೇನನ್ನೂ ಹೊತ್ತು ತರದಂತೆ ಎರಡು ಪುಟ್ಟ ಫೈಲು ಬರೆದರು. ಮನೆಯ ಫೋಲ್ಡರ್ ಯಾವುದು, ಟರ್ಮಿನಲ್ ಎಂಥದು, ಆಜ್ಞೆಗೆ ಕಾಯುವ ಪ್ರಾಂಪ್ಟ್ ಗುರುತು ಹೇಗಿರಬೇಕು, ಇಷ್ಟು ಉಳಿಸಿ ಮಿಕ್ಕಿದ್ದೆಲ್ಲ ತೆಗೆದರು. ಬೋರ್ಡಿನ ಪ್ರೋಗ್ರಾಮು ಕಟ್ಟುವ ಹೊಸ ಉಪಕರಣಗಳು ಇರುವ ಫೋಲ್ಡರಿನ ದಾರಿಯನ್ನು ಎಲ್ಲಕ್ಕಿಂತ ಮುಂದೆ ಇಟ್ಟರು. ಒಂದೊಂದು ಸಾಲನ್ನೂ ತುಟಿಯಲ್ಲೇ ಓದಿ ನೋಡುತ್ತಿದ್ದರು. ಅಷ್ಟು ಸಮಾಧಾನ ನನಗೆ ಇವತ್ತಿಗೂ ಬಂದಿಲ್ಲ.

ಆದರೂ ಹೊಸ ಶೆಲ್ಲಿನಲ್ಲಿ ಉಳಿದ ಸೆಟ್ಟಿಂಗುಗಳ ಪಟ್ಟಿ ತೆಗೆಸಿದರೆ, ದೊಡ್ಡ ಕಂಪ್ಯೂಟರಿನ ಹಳೆಯ ಲೈಬ್ರರಿಗಳ ದಾರಿ ತೋರಿಸುವ ಒಂದು ಸಾಲು ಹಾಗೇ ಕೂತಿತ್ತು. ಅಕ್ಕಾರು ಹುಡುಕುತ್ತಾ ಹೋದರು. ಎಲ್ಲ ಖಾತೆಗಳಿಗೂ ಅನ್ವಯಿಸುವ ಒಂದು ಫೈಲಿನಲ್ಲಿ ಅದು ಸಿಕ್ಕಿತು, ಪಕ್ಕದಲ್ಲೇ ನನ್ನ ಹೆಸರಿನ ಮೊದಲ ಅಕ್ಷರಗಳು. ಹಿಂದೆಂದೋ ಬೇರೆ ಕೆಲಸಕ್ಕೆ ನಾನೇ ಬರೆದು ಮರೆತದ್ದು. ನನ್ನ ಮುಖ ಬಿಸಿಯಾಯಿತು.

ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ, "ಅಕ್ಕಾರ, ಅದನ್ನ ಯಾರು ಬರದಾರ್ರಿ?" ಎಂದಳು.

"ಹಳೇದೈತಿ ಬಿಡವಾ," ಎಂದ ಅಕ್ಕಾರು ಫೈಲಿನ ಹೆಸರು ಬದಲಿಸಿ ಪಕ್ಕಕ್ಕೆ ಸರಿಸಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಸರ, ಈಗ ಶುರು ಮಾಡ್ರಿ. ನನಗ ಬಸ್ಸಿನ ಹೊತ್ತಾತು."

ಮರುದಿನ ಕೆಲಸ ಆ ಜಾಗ ದಾಟಿತು. ಮುಂದಿನ ವಾರ ಬೋರ್ಡು ತಾನೇ ಎದ್ದು ಲಾಗಿನ್ ಕೇಳಿದಾಗ ವಿದ್ಯಾರ್ಥಿಗಳು ನನಗೆ ಚಪ್ಪಾಳೆ ತಟ್ಟಿದರು. ಆಗ ನಿಜ ಹೇಳಿದೆ: ತಪ್ಪು ಸಾಲು ನನ್ನದು, ಸರಿಮಾಡಿದವರು ಅಕ್ಕಾರು.

ಅವರು ಮೂಲೆಯಲ್ಲಿ ವೈರ್ ಸುತ್ತುತ್ತಿದ್ದರು. "ಇರ್ಲಿ ತಗೋರಿ ಸರ," ಎಂದರು. ಆದರೆ ನಗು ತಡೆದುಕೊಳ್ಳಲು ಅವರಿಗೆ ಆಗಲಿಲ್ಲ.